ಇಲ್ಲದ ಗಂಡನ ಸಾವು

ನನಗೆ ನಲವತ್ತೆರಡು ವರ್ಷ. ಮದುವೆಯಾಗಿಲ್ಲ. ಬೇಡ ಅನ್ನಿಸಿತು, ಆಗಲಿಲ್ಲ. ಇದರ ಹಿಂದೆ ಕಣ್ಣೀರಿನ ಕತೆ ಹುಡುಕುವವರಿಗೆ ನಿರಾಸೆಯೇ ಗತಿ. ನಮ್ಮ ಕಡೆ ಕುಮಾರ ಪೂರ್ಣಿಮೆ ಮದುವೆಯಾಗದ ಹೆಣ್ಣುಮಕ್ಕಳ ಹಬ್ಬ. ವಯಸ್ಸಿಗೆ ಮಿತಿ ಇದೆಯೆಂದು ಯಾರೂ ಹೇಳಿಲ್ಲ. ಹಾಗಾಗಿ ಪ್ರತಿ ವರ್ಷ ನಾನೂ ಹೊಸ ಸೀರೆ ಉಟ್ಟು, ಬೊಗಸೆ ತುಂಬ ಭತ್ತದ ಅರಳು ಹಿಡಿದು ಚಂದ್ರನೆದುರು ನಿಲ್ಲುತ್ತೇನೆ. ಹುಡುಗಿಯರು ಕಾರ್ತಿಕೇಯನಂಥ ಚೆಲುವ ಗಂಡನನ್ನು ಬೇಡುತ್ತಾರೆ. ನಾನು ಅದೊಂದನ್ನು ಬಿಟ್ಟು ಬೇರೇನಾದರೂ ಕೇಳುತ್ತೇನೆ.

ಈ ಸಲ ಹಬ್ಬದ ಬೆಳಗ್ಗೆ ಅತ್ತಿಗೆ ಸಬಿತಾ ಅಡುಗೆಮನೆಗೆ ಬಂದರು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಅರಳು, ಬಾಳೆಹಣ್ಣು, ಬೆಲ್ಲ ಕಲಸಿ ಚಂದ್ರನ ಆಕಾರದಲ್ಲಿ ತಟ್ಟುವ ಕೆಲಸ ಯಾವಾಗಲೂ ನನ್ನದೇ.

"ಕುಂತಳಾ, ಸಂಜೆ ಲಿಪ್ಸಾನ ನೋಡೋಕೆ ಜಾಜಪುರದಿಂದ ಗಂಡಿನ ಕಡೆಯವರು ಬರ್ತಾರೆ. ನೀನು ಒಳಕೋಣೇಲೇ ಇದ್ದುಬಿಡು."

"ಯಾಕೆ?"

ಅತ್ತಿಗೆ ಸೆರಗಿನ ತುದಿ ತಿರುಚಿದರು. "ಈ ವಯಸ್ಸಿನ ನಾದಿನಿಗೆ ಮದುವೇನೇ ಆಗಿಲ್ಲ ಅಂದ್ರೆ ಮನೆತನದಲ್ಲೇ ಏನೋ ಐಬಿದೆ ಅಂದ್ಕೋತಾರೆ. ಅದಕ್ಕೇ... ನಿನ್ನ ಗಂಡ ತೀರಿಹೋದ ಅಂತ ಹೇಳಿದೀನಿ."

ತುರಿಮಣೆ ಮೇಲೆ ನನ್ನ ಕೈ ನಿಂತಿತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ. ನೀವು ಗಂಡ ಬರೋಕೆ ಮುಂಚೆ ಅವನ ತಿಥೀನೇ ಮುಗಿಸಿಬಿಟ್ರಲ್ಲ ಅತ್ತಿಗೆ!"

"ತಮಾಷೆ ಬೇಡ. ನನ್ನ ಮಗಳ ಬಾಳಿನ ಪ್ರಶ್ನೆ. ಗಂಡ ಸತ್ತೋಳು ಈ ಹಬ್ಬಕ್ಕೆ ಬರೋ ಹಾಗಿಲ್ಲ, ನೆನಪಿರಲಿ."

ನನಗೆ ಮೈಯೆಲ್ಲ ಉರಿಯಿತು. ಮದುವೆ ಬೇಡ ಅಂದದ್ದು ಬದುಕಿನಲ್ಲಿ ನಾನೇ ತೆಗೆದುಕೊಂಡ ದೊಡ್ಡ ತೀರ್ಮಾನ. ಅದನ್ನು ಯಾವನೋ ಒಬ್ಬನ ಹೆಣದ ಕೆಳಗೆ ಹೂತಿದ್ದರು. ಆದರೆ ಲಿಪ್ಸಾ ನಾನು ಎತ್ತಿ ಆಡಿಸಿದ ಮಗು, ಹುಡುಗನ ಫೋಟೋ ಅವಳಿಗೂ ಹಿಡಿಸಿತ್ತು. ಮಧ್ಯಾಹ್ನವೆಲ್ಲ ಒಳಕೋಣೆಯಲ್ಲಿ ಕೂತು ಹಲ್ಲು ಕಚ್ಚಿದೆ. ಚಂದ್ರ ಮೂಡಿ, ಅಂಗಳದಲ್ಲಿ ಹುಡುಗಿಯರ ಹಾಡು ಶುರುವಾದಾಗ ತಡೆಯಲಾಗಲಿಲ್ಲ. ಹಳದಿ ಸೀರೆ ಉಟ್ಟು, ಅರಳು ಹಿಡಿದು ಹೊರಗೆ ಬಂದೆ.

ಜಗಲಿಯ ಮೇಲೆ ಕೂತಿದ್ದ ಹುಡುಗನ ತಾಯಿ ಹುಬ್ಬೇರಿಸಿದರು. "ಇವರೇ ಅಲ್ವಾ, ಗಂಡ ತೀರಿಹೋದವರು?"

"ಹೌದು, ಪಾಪ. ಆ ದುಃಖದಲ್ಲಿ ತಲೆ ಸ್ವಲ್ಪ..." ಅಂದರು ಅತ್ತಿಗೆ.

"ತಲೆ ನೆಟ್ಟಗಿದೆ," ಅಂದೆ. "ಗಂಡ ಅನ್ನೋನೇ ಇರಲಿಲ್ಲ. ಇದು ನನ್ನ ಹಬ್ಬ."

ಆಕೆ ಲಿಪ್ಸಾಳತ್ತ ತಿರುಗಿದರು. "ಏನಮ್ಮ, ಯಾವುದು ನಿಜ?"

ಅವಳು ಅಮ್ಮನ ಪರವಾಗಿ ಹೇಳಿದ್ದರೆ ನಾನು ಬಯ್ಯುತ್ತಿರಲಿಲ್ಲ. ಲಿಪ್ಸಾ ಎದ್ದು ನಿಂತಳು.

"ನಮ್ಮತ್ತೆಗೆ ಮದುವೆ ಆಗಿಲ್ಲ. ಅವರೇ ಬೇಡ ಅಂದ್ರು. ಅಮ್ಮ ಹೇಳಿದ್ದು ಸುಳ್ಳು."

"ಆಮೇಲೆ ತಿಳಿಸ್ತೀವಿ," ಎನ್ನುತ್ತ ಅವರು ಎದ್ದರು. ಅಣ್ಣ ಕೈಮುಗಿಯುತ್ತ ಬಾಗಿಲವರೆಗೂ ಹಿಂದೆ ಹೋದ. ಬಂದವರು ತಿರುಗಿಯೂ ನೋಡಲಿಲ್ಲ.

"ನಿನ್ನ ಹಠಕ್ಕೆ ನನ್ನ ಮಗಳ ಬಾಳು ಹಾಳಾಯ್ತಲ್ಲೇ!" ಅತ್ತಿಗೆ ಅಲ್ಲೇ ಕುಸಿದು ಅತ್ತರು. ಬೊಗಸೆಯಲ್ಲಿದ್ದ ಅರಳನ್ನು ಜಗಲಿಯ ಮೇಲಿಟ್ಟೆ.

ಹುಡುಗಿಯರು ಪುಚಿ ಎಂಬ ಕುಪ್ಪಳಿಸುವ ಆಟಕ್ಕೆ ಜಾಗ ಮಾಡಿಕೊಂಡು ಸುಮ್ಮನೆ ನಿಂತಿದ್ದರು. ಲಿಪ್ಸಾ ಸೀರೆ ಎತ್ತಿಕಟ್ಟಿ ನಡುವೆ ಬಂದು ಕುಕ್ಕರಗಾಲಲ್ಲಿ ಕೂತಳು. ಕಣ್ಣು ತುಂಬಿತ್ತು.

"ಅತ್ತೆ, ಬಾ. ಎದುರಿಗೆ ಕೂತ್ಕೋ."

"ಲಿಪ್ಸಾ, ನನ್ನಿಂದ..."

"ಮಾತು ಆಮೇಲೆ."

ಕೂತೆ. ಹಾಡು ಏರಿತು. ಕೂತಲ್ಲೇ ಕಾಲು ಬದಲಿಸುತ್ತ ಇಬ್ಬರೂ ಕುಪ್ಪಳಿಸಿದೆವು. ಮೊದಲು ಬಿದ್ದವಳು ಸೋತಂತೆ. ಬೇಕೆಂದೇ ಸೋಲಬಹುದಿತ್ತು. ಅಂಥ ಸತ್ಯ ಹೇಳಿದವಳಿಗೆ ಅದು ಅವಮಾನ ಅನ್ನಿಸಿ ಬಿಟ್ಟುಕೊಡಲಿಲ್ಲ. ಕೊನೆಗೆ ಅವಳೇ ಅಂಗಾತ ಬಿದ್ದಳು.

ಎಬ್ಬಿಸಲು ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ತಾನೇ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ನನ್ನೆದುರು ಕೂತಳು.

"ಇನ್ನೊಂದಾಟ."