ಎರಡು ಗಿಡ್ಡ, ಒಂದು ಉದ್ದ

ಮಂಗಳವಾರ ದೇವಯ್ಯನಿಗೆ ರಜ. ಬಸ್ಸಿನ ಮಾಲೀಕ ಶಶಿಕುಮಾರ್ ಒಪ್ಪಿಯಾಗಿತ್ತು, ಮಂಡಿ ನೋಡಿದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿಯೂ ಆಗಿತ್ತು. ದೇವಯ್ಯನ ದೇಹಕ್ಕೆ ಮಾತ್ರ ಯಾರೂ ಹೇಳಿದ ಹಾಗಿರಲಿಲ್ಲ. ಅದು ಕೋಳಿಗಿಂತ ಮೊದಲು ಎದ್ದು, ಗಡ್ಡ ಹೆರೆದು, ಖಾಕಿ ಅಂಗಿ ತೊಟ್ಟು ಜಗಲಿಯ ಮೇಲೆ ಬಂದು ಕೂತಿತ್ತು.

"ಎಲ್ಗೆ ಸವಾರಿ?" ಹೆಂಡತಿ ಸಣ್ಣಕ್ಕ ಕಾಫಿ ಲೋಟ ಇಟ್ಟಳು.

"ಎಲ್ಗೂ ಇಲ್ಲ."

"ಮತ್ತೆ ಖಾಕಿ?"

"ಕೈಗೆ ಸಿಕ್ತು, ಆಕ್ಕಂಡೆ."

ಸಣ್ಣಕ್ಕ ಸೆರಗಿನಲ್ಲೇ ನಕ್ಕು ಒಳಗೆ ಹೋದಳು.

ಮೀಸೆ ಕಪ್ಪಿದ್ದಾಗಿನಿಂದ ದೇವಯ್ಯ ಹೊಳೆನರಸೀಪುರ–ಹಾಸನದ ನಡುವೆ ಅದೊಂದೇ ಪ್ರೈವೇಟ್ ಬಸ್ಸು ಓಡಿಸಿದವನು. ಕ್ಲಚ್ಚು ತುಳಿದೂ ತುಳಿದೂ ಎಡಮಂಡಿ ಸವೆದಿತ್ತು. ಒಂದೇ ಸಲ ಬಿಡಿಸಿದರೆ ಮನುಷ್ಯ ಕುಗ್ಗಿಹೋಗುತ್ತಾನೆಂದು ಶಶಿಕುಮಾರ್ ಒಂದು ದಾರಿ ಹುಡುಕಿದ್ದ. ಸದ್ಯಕ್ಕೆ ಅರ್ಧ ವಾರ ದೇವಯ್ಯ, ಅರ್ಧ ವಾರ ಹೊಸ ಡ್ರೈವರ್ ಪಾಲಾಕ್ಷ. ಯುಗಾದಿ ಕಳೆದ ಮೇಲೆ ದೇವಯ್ಯನಿಗೆ ಶನಿವಾರ ಮಾತ್ರ. ಆಯುಧಪೂಜೆಯ ಹೊತ್ತಿಗೆ ಕೀಲಿ ಪಾಲಾಕ್ಷನ ಕೈಗೆ. ದೇವಯ್ಯ ಇದಕ್ಕೆಲ್ಲ, ಬೇರೆಯವರ ಮನೆ ಮದುವೆಯ ಮಾತುಕತೆಗೆ ಆಡಿಸುವ ಹಾಗೆ, ತಲೆಯಾಡಿಸಿದ್ದ.

ಬಿಸಿಲು ಜಗಲಿಗೆ ಬರುವಷ್ಟರಲ್ಲಿ ಪಕ್ಕದ ಬೀದಿಯ ನೀಲಗಂಗಮ್ಮ ಸೇವಂತಿಗೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಿರಬಿರನೆ ಬಂದಳು.

"ನೀನಿಲ್ಲಿ ಕಾಫಿ ಕುಡೀತಾ ಕೂತಿದೀಯ! ಬಸ್ಸು ಓಗೇಬುಡ್ತು ಕಣಯ್ಯ. ಹಾಸನದ ಮಾರ್ಕೆಟ್ಗೆ ಈ ಊವ ಯಾವಾಗ ಮುಟ್ಟಿಸ್ಲಿ? ನಿನ್ ತಲೇಗ್ ಮುಡಿಸ್ಲಾ?"

"ಟೈಮ್ಗೆ ಬಂದು ನಿಂತ್ಕಬೇಕು ಕಣಕ್ಕ."

"ಯಾವತ್ ನಿಂತಿದೀನಿ? ಸರ್ಕಾರಿ ಬಸ್ಸಲ್ಲಾದ್ರೆ ಬಿಟ್ಟಿ ಓಗ್ಬೋದು, ಅದು ನಮ್ಮೂರ್ ಗೇಟಲ್ಲಿ ನಿಲ್ಲಕಿಲ್ಲ. ನೀನ್ ಆರ್ನ್ ಒಡೀತಿದ್ದೆ, ನಾನ್ ಬುಟ್ಟಿ ಎತ್ಕತಿದ್ದೆ. ಆ ಪಾಲಾಕ್ಷ ಬೆಕ್ಕು ಬಂದಂಗ್ ಬತ್ತಾನೆ, ಬೆಕ್ಕು ಓದಂಗ್ ಓಯ್ತಾನೆ!"

ದೇವಯ್ಯ ಲೋಟ ಕೆಳಗಿಟ್ಟ. ಊರ ಮುಂದಿನ ನಾಲೆಯ ಏರಿ ಹತ್ತಿರ ಬಸ್ಸು ಬಂದಾಗ ಅವನು ಹೊಡೆಯುತ್ತಿದ್ದುದು ಎರಡು ಗಿಡ್ಡ, ಒಂದು ಉದ್ದ ಹಾರ್ನ್. ಊರಿಗೆ ಅದೇ ಗಡಿಯಾರ. ಅದು ಕೇಳಿದ ಮೇಲೆ ಜನ ಚಪ್ಪಲಿ ಮೆಟ್ಟಿ ಮನೆ ಬಿಡುತ್ತಿದ್ದರು. ಸಣ್ಣಕ್ಕ ಮಧ್ಯಾಹ್ನದ ಟ್ರಿಪ್ಪಿನ ಹಾರ್ನ್ ಕೇಳಿಯೇ ಮುದ್ದೆಗೆ ಎಸರಿಡುತ್ತಿದ್ದಳು. ಪಾಲಾಕ್ಷನಿಗೆ ಗೇರು, ಬ್ರೇಕು, ತಿರುವು ಎಲ್ಲ ಹೇಳಿಕೊಟ್ಟಿದ್ದ ದೇವಯ್ಯನಿಗೆ ಇದೊಂದು ಹೇಳಿಕೊಡುವ ವಿಷಯವೆಂದೇ ಹೊಳೆದಿರಲಿಲ್ಲ. ಅದು ಅವನ ಕೈಯಲ್ಲೇ ಇತ್ತು, ರೇಖೆಯ ಹಾಗೆ.

ಸಂಜೆ ಶಶಿಕುಮಾರ್ ಫೋನು ಬಂತು. "ದೇವಯ್ಯ, ಜನ ಒಂದೇ ಸಮ ಕಂಪ್ಲೇಂಟು. ಪಾಲಾಕ್ಷನ್ನ ಅರಕಲಗೂಡು ಗಾಡಿಗೆ ಹಾಕ್ತೀನಿ. ನೀವೇ ಮೊದಲಿನಂಗೆ ಪೂರ್ತಿ ಬಂದ್ಬಿಡಿ. ನಾಳೆ ಹೇಳಿ."

ದೇವಯ್ಯನ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಯಿತು. ತಾನಿಲ್ಲದಿದ್ದರೆ ಬಸ್ಸು ಬಸ್ಸಲ್ಲ! ಅದನ್ನು ಹೆಂಡತಿಗೆ ಎರಡೆರಡು ಸಲ ಹೇಳಿದ. ಸಣ್ಣಕ್ಕ ಕೇಳಿಸಿಕೊಂಡಳು, ಎದ್ದು ಹರಳೆಣ್ಣೆ ಬಿಸಿ ಮಾಡಿ ತಂದು ಅವನ ಎಡಮಂಡಿಗೆ ತಿಕ್ಕಲು ಕೂತಳು.

"ಬ್ಯಾಡ ಅಂತೀಯಾ?"

"ನಾನ್ಯಾಕಂದೇನು? ಇದುನ್ನ ಕೇಳಿ." ಮಂಡಿಯ ಮೇಲೆ ಮೆತ್ತಗೆ ಬಡಿದಳು. ಸ್ವಲ್ಪ ಹೊತ್ತಿನ ಮೇಲೆ, ಎಣ್ಣೆಯ ಬಟ್ಟಲಿಗೇ ಹೇಳುವವಳಂತೆ, "ಮೊಸಳೆ ದೇವಸ್ಥಾನುಕ್ ಓಗನಾ ಅಂದಿದ್ರಿ. ಇನ್ನು ಅದೂ ಇಲ್ಲ" ಅಂದಳು.

ಹಾಸನದ ದಾರಿಯಲ್ಲಿ ಮೊಸಳೆ ಅನ್ನುವ ಊರಿಗೆ ತಿರುಗುವ ಬೋರ್ಡಿನ ಮುಂದೆ ದೇವಯ್ಯ ದಿನಾ ಹೋಗಿ ಬಂದವನು. ಒಂದು ದಿನವೂ ಇಳಿದು ಒಳಗೆ ಹೋದವನಲ್ಲ. ಅವಳ ಬೆರಳು ಮಂಡಿಚಿಪ್ಪಿನ ಸುತ್ತ ಮಗುವಿನ ತಲೆ ತಿಕ್ಕುವ ಹಾಗೆ ಸುತ್ತುತ್ತಿತ್ತು. ಬೆಲ್ಲದ ರುಚಿ ನಿಧಾನಕ್ಕೆ ಇಳಿಯಿತು.

ಮರುದಿನವೂ ಪಾಲಾಕ್ಷನದೇ ಪಾಳಿ. ದೇವಯ್ಯ ಹೊಳೆನರಸೀಪುರಕ್ಕೆ ಹೋಗಿ ಬಸ್ಸು ಹತ್ತಿ, ಇಂಜಿನ್ ಪೆಟ್ಟಿಗೆಯ ಮೇಲೆ ಕೂತ.

"ಯಾಕಣ್ಣ, ನನ್ ಮ್ಯಾಲೆ ಚೆಕಿಂಗಾ?"

"ಓಡ್ಸು ಓಡ್ಸು. ನಾಲೆ ಏರಿ ಬರ್ಲಿ, ಒಂದ್ ಮಾತ್ ಏಳ್ತೀನಿ."

ಏರಿ ಬಂತು. "ಒಡಿ ಈಗ."

ಪಾಲಾಕ್ಷ ಉದ್ದಕ್ಕೆ ಒತ್ತಿದ.

"ಥೂ, ಲಾರಿ ಬಂತು ಅಂತ ನಾಯಿ ಓಡೋಗ್ತವೆ ಕಣ್ಲಾ! ಎರಡು ಗಿಡ್ಡ, ಒಂದು ಉದ್ದ. ಕೊನೇಗೆ ಕೈ ಅಂಗೇ ಮಡಗು, ಎತ್ಬ್ಯಾಡ."

"ಆರ್ನ್ ಒಡ್ಯಕ್ಕೂ ಶಾಸ್ತ್ರ ಐತಾ?" ಪಾಲಾಕ್ಷ ನಕ್ಕ. ನಕ್ಕರೂ ಗಾಡಿ ನಿಧಾನಿಸಿ ಮತ್ತೆ ಒತ್ತಿದ. ಈ ಸಲ ಸರಿಯಾಯಿತು. ದೇವಯ್ಯನಿಗೇ ಮೈ ಜುಮ್ಮೆನ್ನುವಷ್ಟು ಸರಿಯಾಯಿತು.

ಮನೆಗಳ ಬಾಗಿಲು ತೆರೆದವು. ಟವಲು ಕೊಡವುತ್ತ ಒಬ್ಬ, ಅರ್ಧ ಹೆಣೆದ ಜಡೆಯ ಕಾಲೇಜು ಹುಡುಗಿ, ಅವರ ಹಿಂದೆ ಬುಟ್ಟಿ ಹೊತ್ತ ನೀಲಗಂಗಮ್ಮ. ಹತ್ತಿದವಳು ಡ್ರೈವರ್ ಸೀಟು ನೋಡಿದಳು, ಇಂಜಿನ್ ಪೆಟ್ಟಿಗೆ ನೋಡಿದಳು.

"ಅಯ್ಯ, ನೀನೇ ಓಡಿಸ್ತಿದೀಯ ಅನ್ಕಂಡೆ."

ಅಷ್ಟೇ ಹೇಳಿ ಕಿಟಕಿ ಪಕ್ಕ ಕೂತುಬಿಟ್ಟಳು. ದೇವಯ್ಯನ ಎದೆಯಲ್ಲಿ ಸಣ್ಣ ಮುಳ್ಳೊಂದು ಆಡಿತು. ಹಾಸನದಲ್ಲಿ ಇಳಿದ ಮೇಲೆ ಶಶಿಕುಮಾರ್‌ಗೆ ಫೋನು ಮಾಡಿ, "ಪಾಲಾಕ್ಷ ಇಲ್ಲೇ ಇರ್ಲಿ ಸಾ. ಕಲ್ತ್ಕಂಡ" ಅಂದ. ಅಂದ ಮೇಲೆ ಮುಳ್ಳು ಕಿತ್ತ ಜಾಗ ಸ್ವಲ್ಪ ಉರಿಯಿತು, ಆಮೇಲೆ ತಣ್ಣಗಾಯಿತು.

ಮುಂದಿನ ಮಂಗಳವಾರ ಖಾಕಿ ಗೂಟದಲ್ಲೇ ಇತ್ತು. ಬಿಳಿ ಅಂಗಿಯ ದೇವಯ್ಯ ಹೆಂಡತಿಯ ಜೊತೆ ಪಾಲಾಕ್ಷನ ಬಸ್ಸಿನ ಸೀಟಿನಲ್ಲಿ ಕೂತಿದ್ದ. ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಸಣ್ಣಕ್ಕ ಅವನ ತೊಡೆಯ ಮೇಲೆ ಕೈಯಿಟ್ಟು, "ಅವನಿದಾನೆ ಬುಡಿ" ಅಂದಳು. ದಾರಿಪಕ್ಕದ ಆಲೂಗಡ್ಡೆ ಹೊಲಗಳಲ್ಲಿ ಹೂ ಬಿಟ್ಟಿತ್ತು. ಇಷ್ಟು ವರ್ಷ ಎದುರಿನ ರಸ್ತೆ ಬಿಟ್ಟು ಬೇರೇನೂ ನೋಡದವನು ಕತ್ತು ತಿರುಗಿಸಿ ತಿರುಗಿಸಿ ನೋಡಿದ.

ಮೊಸಳೆಯಲ್ಲಿ ಅವಳಿ ಗುಡಿಗಳು ಅಕ್ಕಪಕ್ಕ, ಒಂದರ ಹೆಗಲಿಗೊಂದು ತಾಗದಷ್ಟೇ ದೂರದಲ್ಲಿ ನಿಂತಿದ್ದವು. ಸಣ್ಣಕ್ಕ ಎರಡಕ್ಕೂ ಕೈಮುಗಿದು ಸುತ್ತು ಹಾಕಿದಳು. ಬುತ್ತಿಯ ಚಿತ್ರಾನ್ನ ತಿಂದು ನಿಧಾನಕ್ಕೆ ನಡೆದು ರಸ್ತೆಯ ಹತ್ತಿರದ ಮರದ ನೆರಳಿಗೆ ಬಂದು ಕೂತಾಗ, ದೂರದಿಂದ ಹಾರ್ನ್ ಕೇಳಿತು; ಪಾಲಾಕ್ಷ ಈ ತಿರುವಿಗೂ ಅದನ್ನೇ ಹೊಡೆಯತೊಡಗಿದ್ದ. ಎರಡು ಗಿಡ್ಡ, ಒಂದು ಉದ್ದ.

ಸಣ್ಣಕ್ಕ ಅಭ್ಯಾಸದಂತೆ ಗಡಬಡಿಸಿ ಬ್ಯಾಗು ಎತ್ತಿಕೊಂಡಳು.

ದೇವಯ್ಯ ಅವಳ ಸೆರಗು ಹಿಡಿದ. "ಕುತ್ಕಳೇ. ಅವ್ನು ಇನ್ನೊಂದ್ ಟ್ರಿಪ್ ಬತ್ತಾನೆ."