ಪರದೆ ಆರಿಸಿ ಕೇಳಿದ್ದು

ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಅತ್ತ ಕಡೆ ಇದ್ದವರು ಅಲ್ಲಿಯ ಆಡಳಿತಾಧಿಕಾರಿ.

"ಯಜಮಾನ್ರೇ, ಎಕ್ಸ್‌ರೇ ವಿಭಾಗದ ಟೈಪಿಸ್ಟ್ ಕಂಪ್ಯೂಟರ್ ವಿಷಯ. ನಿಮ್ಮವರು ಎರಡು ಸಲ ಬಂದು ಸರಿಯಾಗಿದೆ ಅಂತ ಬರೆದುಕೊಟ್ಟು ಹೋದ್ರು. ಆಕೆ ಮಾತ್ರ ನಿಧಾನ, ನಿಧಾನ ಅಂತಾನೇ ಇದ್ದಾರೆ. ಇವತ್ತು ನೀವೇ ಬಂದು ನೋಡಿಬಿಡಿ. ಸಂಜೆ ನಾಲ್ಕಕ್ಕೆ ನಾನು ಆದೇಶಕ್ಕೆ ಸಹಿ ಹಾಕ್ಬೇಕು."

"ಯಾವ ಆದೇಶ ಸಾರ್?"

"ಆಕೇನ ಟೈಪಿಂಗ್‌ನಿಂದ ಬಿಡಿಸಿ ಫೋನ್ ಎತ್ತೋ ಮೇಜಿಗೆ ಹಾಕೋದು. ರಿಪೋರ್ಟುಗಳು ಎರಡೆರಡು ದಿನ ತಡ ಆಗ್ತಿವೆ. ಡಾಕ್ಟರುಗಳು ನನ್ನ ತಲೆ ತಿಂತಿದ್ದಾರೆ."

ನಮ್ಮವರು ಎಂದರೆ ನನ್ನ ಭಾವಮೈದುನ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೂರು ವಾರದ ಹಿಂದೆ ಆ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದು ನಾವೇ. ಆಮೇಲೆ ಈ ದೂರು ಬಂದಾಗ ಅವನು ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟು: "ಯಂತ್ರದಲ್ಲಿ ದೋಷವಿಲ್ಲ. ಬಳಸುವವರಿಗೆ ಹೊಸ ವ್ಯವಸ್ಥೆ ಒಗ್ಗಿಲ್ಲ." ಕೆಳಗೆ ನಮ್ಮ ಅಂಗಡಿಯ ಮೊಹರು. ಒಬ್ಬರ ಕೆಲಸ ಕಳೆಯಲು ಹೊರಟದ್ದು ಆ ಮೊಹರು ಎಂದು ತಿಳಿದ ಮೇಲೆ ಪ್ರಿಂಟರನ್ನು ಹಾಗೇ ಬಿಟ್ಟು ಚೀಲ ಎತ್ತಿಕೊಂಡೆ.

ಎಕ್ಸ್‌ರೇ ವಿಭಾಗದ ಹಿಂಬದಿಯಲ್ಲಿ ಉದ್ದಕ್ಕೆ ಇಕ್ಕಟ್ಟಾದ ಒಂದು ಕೋಣೆ. ಒಳಗೆ ಕತ್ತಲೆ. ಕೀಬೋರ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಗೋಡೆ ತಡಕಾಡಿದೆ.

"ಸ್ವಿಚ್ಚು ಬಾಗಿಲ ಎಡಕ್ಕಿದೆ, ಎದೆ ಎತ್ತರದಲ್ಲಿ," ಎಂದಿತು ಒಂದು ಹೆಣ್ಣುದನಿ. "ನಾನು ಹಾಕ್ಕೊಳ್ಳಲ್ಲ. ಕಣ್ಣಿರೋರಿಗೆ ಅಂತ ಇಟ್ಟಿದ್ದಾರೆ."

ದೀಪ ಹಾಕಿದೆ. ನಲವತ್ತು ದಾಟಿದ ಹೆಂಗಸು, ನೆಟ್ಟಗೆ ಕೂತಿದ್ದರು. ಎರಡು ಕಿವಿಗೆ ಎರಡು ಬೇರೆ ಬೇರೆ ತಂತಿ, ಒಂದು ಕಂಪ್ಯೂಟರಿನದು, ಇನ್ನೊಂದು ಪಕ್ಕದ ಸಣ್ಣ ರೆಕಾರ್ಡರಿನದು. ಕಾಲ ಕೆಳಗೆ ಹೊಲಿಗೆ ಯಂತ್ರಕ್ಕಿರುವ ಹಾಗೆ ಒಂದು ಪೆಡಲ್. ಮಾನಿಟರಿನ ಮೇಲೆ ಧೂಳು ಕೂತಿತ್ತು. ಅದನ್ನು ಯಾರೂ ನೋಡುವವರಿರಲಿಲ್ಲ. ಭಾವಮೈದುನ ನನಗೆ ಈ ಮಾತನ್ನೇ ಹೇಳಿರಲಿಲ್ಲ. ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ.

"ಲೋ, ಆಕೆಗೆ ಕಣ್ಣು ಕಾಣಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ನಾನು ರಿಪೇರಿ ಮಾಡಕ್ಕೆ ಹೋಗಿದ್ದು ಕಂಪ್ಯೂಟರು ಭಾವ, ಆಯಮ್ಮನ್ನಲ್ಲ."

"ಹೇಗೆ ಪರೀಕ್ಷೆ ಮಾಡ್ದೆ?"

"ಕಣ್ಣಲ್ಲಿ ನೋಡಿ. ಇನ್ನೇನು ಮೂಗಲ್ಲಿ ನೋಡ್ಲಾ?"

ನಗು ಬಂದರೂ ಫೋನ್ ಕಟ್ ಮಾಡಿದೆ. ಒಳಗೆ ಹೋಗಿ ನಾನೂ ಅವನು ಮಾಡಿದ್ದನ್ನೇ ಮಾಡಿದೆ, ಸ್ವಲ್ಪ ಹೆಚ್ಚು ಗಾಂಭೀರ್ಯದಿಂದ. ಯಂತ್ರ ಏಳುವಾಗ ತಾವಾಗಿ ಶುರುವಾಗುವ ಬೇಡದ ಕಾರ್ಯಕ್ರಮಗಳನ್ನು ನಿಲ್ಲಿಸಿದೆ. ಅಪ್‌ಗ್ರೇಡ್ ಬಿಟ್ಟುಹೋದ ಹಳೆಯ ಕಡತಗಳ ಕಸ ಗುಡಿಸಿದೆ. ಡಿಸ್ಕು, ಮೆಮೊರಿ ಎಲ್ಲ ತಟ್ಟಿ ನೋಡಿದೆ. ಒಂದೂವರೆ ಗಂಟೆಯ ಮೇಲೆ ರಿಪೋರ್ಟ್ ಪುಟ ಎರಡೇ ಸೆಕೆಂಡಿಗೆ ತೆರೆದುಕೊಳ್ಳತೊಡಗಿತು. ಬೆನ್ನು ನೆಟ್ಟಗೆ ಮಾಡಿ, "ಆಯ್ತು ನೋಡಿ ತಾಯಿ, ಕುದುರೆ ಹಾಗೆ ಓಡ್ತಿದೆ," ಎಂದೆ.

ಅವರು ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಸಾಲು ಟೈಪ್ ಮಾಡಿದರು.

"ಪುಟ ಬೇಗ ತೆರೀತಿದೆ. ಒಪ್ಪಿದೆ. ಆದ್ರೆ ನನ್ನ ಗಿಣಿ ಇನ್ನೂ ತೂಕಡಿಸ್ತಿದೆ."

"ಯಾವ ಗಿಣಿ?"

ಕಿವಿಯ ಒಂದು ತಂತಿಯನ್ನು ಕಿತ್ತು ನನಗೆ ಕೊಟ್ಟರು. ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿ ಅದು. ನನಗೆ ಕೇಳಿಸಿದ್ದು ತಗಡಿನ ಮೇಲೆ ಕಾಳು ಸುರಿದ ಸದ್ದು.

"ಇದು ಮಾತಾ?"

"ನಿಮಗೆ ಬೇಕಾದ್ರೆ ನಿಧಾನ ಮಾಡ್ತೀನಿ. ಒಂದು ಕಿವೀಲಿ ಡಾಕ್ಟ್ರು ರೆಕಾರ್ಡ್ ಮಾಡಿ ಕಳಿಸಿದ್ದು ಕೇಳ್ತೀನಿ, ಇನ್ನೊಂದರಲ್ಲಿ ನಾನು ಬರ್ದಿದ್ದನ್ನ ಇದು ಓದುತ್ತೆ. ಹತ್ತೊಂಬತ್ತು ವರ್ಷ ಹೀಗೇ ನಡೀತು. ಈಗ ಮೂರು ವಾರದಿಂದ ಕೀ ಒತ್ತಿ ಕಾಯ್ಬೇಕು. ಮೊದಲ ಪದ ನುಂಗಿಬಿಡುತ್ತೆ."

"ಒಂದು ಪದ ತಾನೆ..." ಎನ್ನಲು ಹೋದೆ.

"ಯಜಮಾನ್ರೇ, ಇಲ್ಲಿ ಮೊದಲ ಪದ ಏನಿರುತ್ತೆ ಗೊತ್ತಾ? ಎಡ ಮೊಣಕಾಲು. ಬಲ ಶ್ವಾಸಕೋಶ. ಗಿಣಿ ನುಂಗೋದು ಆ ಎಡ, ಬಲಾನೇ. ಅದನ್ನ ಕೇಳಿಸ್ಕೊಳ್ಳದೆ ನಾನು ಕಾಗದ ಕಳಿಸ್ಲಾ? ಪ್ರತಿ ಸಾಲಿಗೂ ಹಿಂದೆ ಹೋಗಿ ಇನ್ನೊಂದ್ಸಲ ಓದಿಸ್ತೀನಿ. ತಡ ಆಗ್ದೆ ಇನ್ನೇನಾಗುತ್ತೆ?"

ತಡದ ಕಾರಣವನ್ನು ಆಡಳಿತಾಧಿಕಾರಿಗಳು ಆಕೆಯ ಬೆರಳುಗಳಲ್ಲಿ ಹುಡುಕುತ್ತಿದ್ದರು. ಅದು ಇದ್ದದ್ದು ಆಕೆಯ ಎಚ್ಚರಿಕೆಯಲ್ಲಿ.

"ನಂಬಿಕೆ ಬರ್ಬೇಕಾದ್ರೆ ಪರದೆ ಆರಿಸಿ," ಎಂದರು ಆಕೆ. "ನನ್ನ ಕುರ್ಚೀಲಿ ಕೂತು ಒಂದೇ ಒಂದು ರಿಪೋರ್ಟ್ ಮಾಡಿ. ಸಣ್ಣದು ಕೊಡ್ತೀನಿ."

ಮಾನಿಟರ್ ಆರಿಸಿದೆ. ಗಿಣಿಯ ದನಿಯನ್ನು ಅವರು ಮಕ್ಕಳಿಗೆ ಕತೆ ಹೇಳುವಷ್ಟು ನಿಧಾನ ಮಾಡಿಕೊಟ್ಟರು. ಪೆಡಲ್ ಒತ್ತಿದರೆ ಡಾಕ್ಟರು ಮಾತಾಡುತ್ತಿದ್ದರು, ಬಿಟ್ಟರೆ ನಿಲ್ಲುತ್ತಿದ್ದರು. ಹತ್ತು ನಿಮಿಷ ಬೆವರು ಸುರಿಸಿದೆ.

ಅವರು ಎರಡು ತಂತಿಯನ್ನೂ ಇಸಿದುಕೊಂಡು ಕೇಳಿ, "ಒಳ್ಳೇ ಕೆಲಸ ಮಾಡಿದ್ರಿ. ಡಾಕ್ಟ್ರು ಹಿಮ್ಮಡಿ ಅಂದ್ರು. ನೀವು ಅದನ್ನ ಬೇರೆ ಯಾರದ್ದೋ ತಲೆಬುರುಡೆ ಪುಟದಲ್ಲಿ ಬರ್ದಿದ್ದೀರಿ," ಎಂದರು.

"ಇನ್ಮೇಲೆ ಹಿಮ್ಮಡಿ ನೋವು ಅಂದೋರಿಗೆ ತಲೆಗೆ ಪಟ್ಟಿ ಕಟ್ಬೇಕು," ಎಂದು ಬಾಗಿಲಲ್ಲಿ ನಿಂತಿದ್ದ ದಾದಿಯೊಬ್ಬಳು ನಕ್ಕು ಹೋದಳು.

ಆದರೆ ಆ ಹತ್ತು ನಿಮಿಷದಲ್ಲಿ ನನಗೂ ಅದು ಕೇಳಿಸಿತ್ತು. ಕೀ ಒತ್ತುತ್ತೇನೆ, ದನಿ ಇಲ್ಲ. ಆಮೇಲೆ ಅರ್ಧ ಪದದಿಂದ ಶುರು. ಒಮ್ಮೊಮ್ಮೆ ಮಾತ್ರ. ಮಿಕ್ಕ ಹೊತ್ತಿನಲ್ಲಿ ಸರಿಯಾಗಿಯೇ ಇತ್ತು. ಈ ಒಮ್ಮೊಮ್ಮೆಯ ರೋಗದಷ್ಟು ಕೆಟ್ಟದ್ದು ನಮ್ಮ ಕಸುಬಿನಲ್ಲಿ ಬೇರೆ ಇಲ್ಲ. ಹಿಡಿಯಲು ಹೋದಾಗ ಸಿಗುವುದಿಲ್ಲ.

"ಯಾವಾಗ ಹೀಗಾಗುತ್ತೆ ಅಂತ ಹೇಳಕ್ಕಾಗುತ್ತಾ?" ಎಂದು, ಆಗಲಾರದು ಎಂದುಕೊಂಡೇ ಕೇಳಿದೆ.

"ಹತ್ತು ಸೆಕೆಂಡು ಸುಮ್ನಿದ್ರೆ."

"ಹತ್ತೇ?"

"ಒಂಬತ್ತಕ್ಕೆ ಒತ್ತಿದ್ರೆ ಎಚ್ಚರವಾಗಿರುತ್ತೆ. ಹನ್ನೊಂದಕ್ಕೆ ಒತ್ತಿದ್ರೆ ಮಲಗಿರುತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೇರೆ ಬೇರೆ ಎಣಿಸಿ ನೋಡಿದ್ದೀನಿ. ಡಾಕ್ಟ್ರು ಚಿಕ್ಕ ವಾಕ್ಯ ಹೇಳಿದಾಗ ತೊಂದ್ರೆ ಇಲ್ಲ. ಉದ್ದಕ್ಕೆ ಹೇಳಿದ್ರೆ ನಾನು ಕೇಳ್ತಾ ಕೂತಿರ್ತೀನಿ, ಅಷ್ಟರಲ್ಲಿ ಇದು ಮಲಗಿಬಿಡುತ್ತೆ. ಮಲಗೋವಾಗ ಹೆಡ್‌ಫೋನ್‌ನಲ್ಲಿ ಸಣ್ಣಕ್ಕೆ ಟಿಕ್ ಅನ್ನುತ್ತೆ. ನಿಮ್ಮವರಿಗೆ ಎರಡು ಸಲವೂ ಹೇಳ್ದೆ. ಆ ಪುಣ್ಯಾತ್ಮ ಹೂಂ ಹೂಂ ಅಂದು ಪರದೇನೇ ನೋಡ್ತಿದ್ದ."

ಮೂವತ್ತೆರಡು ವರ್ಷದ ಹಿಂದೆ ರೇಡಿಯೊ ರಿಪೇರಿಯಿಂದ ಈ ಕೆಲಸಕ್ಕೆ ಬಂದವನು ನಾನು. ಆಗ ಪೆಟ್ಟಿಗೆ ಬಿಚ್ಚುವ ಮೊದಲು ಗೊರಗೊರ ಯಾವುದು, ಚಟಪಟ ಯಾವುದು ಎಂದು ಕೇಳಿಯೇ ರೋಗ ಹೇಳುತ್ತಿದ್ದೆ. ಪರದೆಗಳು ಬಂದ ಮೇಲೆ ಆ ಕಿವಿಯನ್ನು ಎಲ್ಲೋ ಇಟ್ಟು ಮರೆತಿದ್ದೆ. ಈಕೆ ಯಾವ ಉಪಕರಣವೂ ಇಲ್ಲದೆ ಒಂಬತ್ತು, ಹನ್ನೊಂದು ಎಂದು ಗೆರೆ ಎಳೆದು ಕೊಟ್ಟಿದ್ದರು. ಇನ್ನು ಉಳಿದದ್ದು ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಅಷ್ಟೇ, ಅದಕ್ಕೂ ಸ್ಕ್ರೂಡ್ರೈವರ್ ಬೇಕಾಗಲಿಲ್ಲ.

ಹತ್ತು ಸೆಕೆಂಡಿಗೆ ಸರಿಯಾಗಿ ಮಲಗುತ್ತದೆ ಎಂದರೆ ಯಾರೋ ಅದಕ್ಕೆ ಹಾಗೆ ಮಲಗು ಎಂದು ಹೇಳಿರಬೇಕು. ಮಾನಿಟರ್ ಹಾಕಿ ಹುಡುಕಿದೆ. ಅಪ್‌ಗ್ರೇಡ್ ಮಾಡಿದಾಗ, ಶಬ್ದದ ಚಿಪ್ ಅನ್ನು ನಡೆಸುವ ಹಳೆಯ ತಂತ್ರಾಂಶ ಹೋಗಿ ಎಲ್ಲ ಯಂತ್ರಗಳಿಗೂ ಒಂದೇ ಅಳತೆಯ ಹೊಸದು ಬಂದು ಕೂತಿತ್ತು. ಕರೆಂಟು ಉಳಿಸುವ ಆಸೆಯಲ್ಲಿ ಅದು ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಆ ಚಿಪ್ ಅನ್ನು ಮಲಗಿಸುತ್ತಿತ್ತು. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆ ಉಳಿತಾಯವನ್ನು ತೆಗೆದುಹಾಕಿದೆ.

"ನೋಡಿ ತಾಯಿ."

ಅವರು ಕೈ ಮಡಿಲಲ್ಲಿಟ್ಟು ಹದಿನೈದರವರೆಗೆ ಎಣಿಸಿ ಕೀ ಒತ್ತಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಇಪ್ಪತ್ತು ಎಣಿಸಿ ಮತ್ತೆ ಒತ್ತಿದರು.

"ಮಲಗ್ತಿಲ್ಲ," ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಆದ್ರೆ ಕೊಡದೊಳಗೆ ಬಾಯಿಟ್ಟು ಮಾತಾಡ್ತಿದೆ. ಅದಕ್ಕೇ ಒಂದು ಕೂದಲೆಳೆ ತಡ," ಎಂದು ಸೇರಿಸಿದರು.

ಆ ಕೂದಲೆಳೆ ನನಗೆ ಕೇಳಿಸಲೇ ಇಲ್ಲ. ಆದರೆ ಆ ಹೊತ್ತಿಗೆ ನನ್ನ ಕಿವಿಗಿಂತ ಅವರ ಕಿವಿಯ ಮೇಲೆ ನನಗೆ ನಂಬಿಕೆ ಹೆಚ್ಚಿತ್ತು. ಮತ್ತೆ ಹುಡುಕಿದೆ. ದನಿಯನ್ನು ದೊಡ್ಡ ಸಭಾಂಗಣದಲ್ಲಿ ಕೇಳಿದಂತೆ ಮಾಡುವ ಒಂದು ಅಲಂಕಾರ ಹೊಸದಾಗಿ ಸೇರಿಕೊಂಡಿತ್ತು. ಅದನ್ನೂ ಕಿತ್ತೆ.

ಈ ಸಲ ಅವರು ದನಿಯ ವೇಗವನ್ನು ಮೊದಲಿನ ಕಾಳು ಸುರಿಯುವ ಮಟ್ಟಕ್ಕೆ ಏರಿಸಿ, ಪೆಡಲ್ ಮೇಲೆ ಕಾಲಿಟ್ಟು ಕೆಲಸಕ್ಕೆ ಇಳಿದರು. ಆಗ ಎರಡು ಗಂಟೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತೆ. ಹೋಗಬಹುದಿತ್ತು, ಹೋಗಲು ಮನಸ್ಸಾಗಲಿಲ್ಲ. ಒಳ್ಳೆಯ ಕೆಲಸಗಾರರ ಕೈ ನೋಡುವುದು ನನಗೆ ಮೊದಲಿನಿಂದಲೂ ಇಷ್ಟ. ಅವರ ಬೆರಳುಗಳಿಗೆ ಅವಸರವೇ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಡಾಕ್ಟರು ಕೆಮ್ಮಿದರೆ ಇವರು ಕೆಮ್ಮನ್ನು ದಾಟುತ್ತಿದ್ದರು. ತಡವರಿಸಿದರೆ ಕಾದು, ತಿದ್ದಿಕೊಂಡ ಮಾತನ್ನೇ ಬರೆಯುತ್ತಿದ್ದರು. ಒಮ್ಮೆ ತಟ್ಟನೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ, "ಸಾರ್, ಮೇಲೆ ಬಲ ಅಂದ್ರಿ, ಕೊನೆಗೆ ಎಡ ಅಂದ್ರಿ. ಯಾವುದು?" ಎಂದು ಕೇಳಿದರು. ಅತ್ತ ಕಡೆಯವರು ಚಿತ್ರ ತೆಗೆದು ನೋಡಿ ಕ್ಷಮೆ ಕೇಳಿದ್ದು ನನಗೂ ಕೇಳಿಸಿತು.

ಆಡಳಿತಾಧಿಕಾರಿಗಳು ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂದರು. ಕೈಯಲ್ಲಿ ಆದೇಶದ ಹಾಳೆ ಇತ್ತು.

"ಏನಾಯ್ತು?"

"ಹದಿನೇಳು ಕಳಿಸಿದ್ದೀನಿ ಸಾರ್. ಬಾಕಿ ಇರೋದು ನಾಳೆ ಮಧ್ಯಾಹ್ನದೊಳಗೆ ಮುಗಿಯುತ್ತೆ," ಎಂದರು ಆಕೆ, ಬೆರಳು ನಿಲ್ಲಿಸದೆ.

ಆಡಳಿತಾಧಿಕಾರಿಗಳು ನನ್ನ ಕಡೆ ತಿರುಗಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ದೋಷ ಅಪ್‌ಗ್ರೇಡ್‌ನಲ್ಲಿತ್ತು. ನಾವು ಎರಡು ಸಲ ಕಣ್ಣಿಟ್ಟು ನೋಡಿ ತಪ್ಪು ಬರೆದೆವು. ಕಂಡುಹಿಡಿದದ್ದು ನಾನಲ್ಲ, ಇವರು. "ಹೊಸ ಚೀಟಿ ಈಗಲೇ ಬರೆದು ಮೊಹರು ಹಾಕಿ ಕೊಡ್ತೀನಿ ಸಾರ್. ಹಳೇ ಎರಡನ್ನೂ ಹರಿದುಹಾಕಿ."

ಅವರು ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡರು. "ಒಳ್ಳೇದಾಯ್ತು ಬಿಡಿ," ಎಂದು ಹೊರಡಲು ತಿರುಗಿದರು.

"ಸಾರ್, ಇನ್ನೊಂದು ಮಾತು," ಎಂದು ಆಕೆ ಈಗ ಕೈ ನಿಲ್ಲಿಸಿದರು. "ನಮ್ಮ ಇನ್ನೊಂದು ಶಾಖೆಯ ಟೈಪಿಸ್ಟ್ ಅಣ್ಣನ್ನ ಹೋದ ಸೋಮವಾರ ಫೋನ್ ಮೇಜಿಗೆ ಹಾಕಿದ್ರಲ್ಲ. ಅವರಿಗೂ ಕಾಣಲ್ಲ. ಅವರ ಕಂಪ್ಯೂಟರ್‌ಗೂ ಹೊಸದು ಹಾಕಿದ್ದು ಅದೇ ವಾರ."

ಆಡಳಿತಾಧಿಕಾರಿಗಳು ನಿಂತಲ್ಲೇ ನಿಂತರು. ಆ ಆದೇಶಕ್ಕೆ ಸಹಿ ಹಾಕಿದವರೂ ಅವರೇ. "ಆತ ದೂರೇ ಕೊಡ್ಲಿಲ್ವಲ್ಲ. ಕೇಳಿದಾಗ ಸುಮ್ನೆ ಒಪ್ಕೊಂಡ್ರು."

ಆಕೆ ಆಗಲೇ ಫೋನ್ ಎತ್ತಿ ಅಂಕಿ ಒತ್ತುತ್ತಿದ್ದರು. ನಮಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಅಣ್ಣಾ, ನಾನು. ಎದ್ದು ನಿಮ್ಮ ಹಳೇ ಕಂಪ್ಯೂಟರ್ ಹತ್ರ ಹೋಗಿ. ಕಾರಣ ಆಮೇಲೆ ಹೇಳ್ತೀನಿ. ಹೆಡ್‌ಫೋನ್ ಹಾಕ್ಕೊಂಡ್ರಾ? ಯಾವ್ದಾದ್ರೂ ಒಂದು ಕೀ ಒತ್ತಿ. ಈಗ ಕೈ ತೆಗೀರಿ. ಹನ್ನೆರಡು ಎಣಿಸಿ, ಮತ್ತೆ ಒತ್ತಿ."

ನಾವು ಮೂವರೂ ಮನಸ್ಸಿನಲ್ಲೇ ಎಣಿಸಿದೆವು. ಅತ್ತ ಕಡೆ ಒಂದು ಕೀ ಸದ್ದು ಮಾಡಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಇನ್ನೊಂದು ಸಲ ಎಣಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮತ್ತೆ ಕೀ ಸದ್ದು.

"ಅಯ್ಯೋ ತಂಗೀ," ಎಂದಿತು ಮುದಿದನಿ, "ಇದು ಮಲಗ್ತಿದೆಯಲ್ಲಮ್ಮ! ನಾನು ನನಗೇ ವಯಸ್ಸಾಯ್ತು, ಕಿವಿ ಹೋಯ್ತು ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ."

ಆಕೆ ನನ್ನ ಕಡೆ, ನಾನು ಕೂತಿದ್ದ ಮೂಲೆಗೆ ಸರಿಯಾಗಿ, ಮುಖ ತಿರುಗಿಸಿದರು. "ಯಜಮಾನ್ರೇ, ಆ ಶಾಖೆ ಐದೂವರೆವರೆಗೆ ತೆರೆದಿರುತ್ತೆ."

ಆಡಳಿತಾಧಿಕಾರಿಗಳು ಆಸ್ಪತ್ರೆಯ ಕಾರನ್ನು ಬಾಗಿಲಿಗೆ ತರಿಸಲು ಹೋದರು. ನಾನು ಚೀಲದ ಬಾಯಿ ಕಟ್ಟತೊಡಗಿದೆ.