ಜುಲೈ ತೋರಿಸು

ಶಶಿಕಾಂತ ಸರ್ ಇವತ್ತು ನೀರು ಸುರಿಯದೇ ಹೋದರೆ? ಬೆಳಗಿನಿಂದ ಯಕ್ಷಿತಾಳಿಗೆ ಇದೊಂದೇ ಚಿಂತೆ. ಯಾರಲ್ಲೂ ಹೇಳಿಕೊಳ್ಳುವಂಥದ್ದಲ್ಲ. ಆಂಟಾಪ್ ಹಿಲ್‌ನಿಂದ ದಾದರ್‌ವರೆಗೂ ಬಸ್ಸಿನಲ್ಲಿ ಶಾಲಾ ಕಟ್ಟಡದ ರಟ್ಟಿನ ಮಾಡೆಲಿದ್ದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬನ ಮಾನ ಹೋಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತುಕೊಂಡು ಬಂದಿದ್ದಳು.

ಆ ಒಬ್ಬ ಸೃಜನ್. ಬೊರಿವಲಿಯವನು, ಆರ್ಕಿಟೆಕ್ಚರ್ ಕಾಲೇಜಿನ ಕೊನೆಯ ವರ್ಷದಲ್ಲಿ ಅವಳೊಂದಿಗೆ ಊರಿನ ಕನ್ನಡ ಆಡುವವನು ಅವನೊಬ್ಬನೇ. ಆ ಸಲುಗೆಯಲ್ಲೇ ಅವಳು ಕ್ಯಾಂಟೀನಿನಲ್ಲಿ ತನ್ನ ಪ್ರಾಜೆಕ್ಟಿನ ಮೊದಲ ಸ್ಕೆಚ್ಚನ್ನು ಅವನ ಮುಂದೆ ಬಿಡಿಸಿಟ್ಟಿದ್ದಳು. ತನ್ನ ಮನೆಯ ಹಿಂದಿನ ಗುಡ್ಡಕ್ಕೆ ಒಂದು ಶಾಲೆ. ಗುಡ್ಡವನ್ನು ಕಡಿದು ಸಮ ಮಾಡುವುದಿಲ್ಲ. ಕಟ್ಟಡವೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೆಳಗಿನ ತರಗತಿಯ ತಾರಸಿಯೇ ಮೇಲಿನ ತರಗತಿಯ ಅಂಗಳ. ಒಂದೇ ಕೋಣೆಯ ಮನೆಗಳಲ್ಲಿ ಮೊಣಕಾಲು ಮಡಚಿ ಬೆಳೆಯುವ ಮಕ್ಕಳಿಗೆ ಕ್ಲಾಸಿಗೊಂದು ಅಂಗಳ. ಎಲ್ಲಕ್ಕಿಂತ ಕೆಳಗೆ ಬಾಲವಾಡಿ. ಸೃಜನ್ ಚಹಾ ಕುಡಿಯುತ್ತ ಅದರ ಫೋಟೋ ತೆಗೆದುಕೊಂಡು, ಚಂದ ಉಂಟು ಎಂದಿದ್ದ.

ಮೊದಲ ರಿವ್ಯೂ ದಿನ ಅವನ ಹೆಸರು ಮೊದಲು ಬಂತು. ಅವನು ಗೋಡೆಗೆ ಅಂಟಿಸಿದ್ದು ಅವಳ ಶಾಲೆಯನ್ನು. ತನ್ನ ಸರದಿ ಬಂದಾಗ ಯಕ್ಷಿತಾ ಹಾಳೆಯನ್ನು ಸುರುಳಿ ಸುತ್ತಿ, ಇನ್ನೂ ಆಗಿಲ್ಲ ಎಂದು ಬೈಸಿಕೊಂಡಳು. ಆಮೇಲೆ ಸಮತಟ್ಟು ಜಾಗದಲ್ಲಿ ಪಾಸಾಗುವಷ್ಟಕ್ಕೆ ಒಂದು ಸಪ್ಪೆ ಶಾಲೆ ಮಾಡಿಕೊಂಡಳು. ಯಾಕೆ ಹೀಗೆ ಮಾಡಿದೆ ಎಂಬಂತೆ ಅವಳು ನೋಡಿದ್ದಕ್ಕೆ ಅವನು ನಕ್ಕಿದ್ದ.

"ಐಡಿಯಾ ಯಾರಿಗೂ ಬರ್ಬಹುದಲ್ಲ ಮಾರಾಯ್ತಿ. ನೀನು ಬಾಯಿ ಬಿಡುದಿಲ್ಲ, ಅದಕ್ಕೆ ನಾನೆಂತ ಮಾಡ್ಲಿ?"

ಬಾಯಿ ಬಿಡಲಿಲ್ಲ ನಿಜ. ಡೈರಿಯಲ್ಲಿ ಮಾತ್ರ ಅವನನ್ನು ಕಂಡಕಂಡಲ್ಲಿ ಅಟ್ಟಾಡಿಸಿದಳು.

ಮಳೆಗಾಲದಲ್ಲಿ ಗುಡ್ಡದ ಮೇಲೆ ಕೊಡೆ ಹಿಡಿದು ನಿಂತಾಗ ತನ್ನ ಸ್ಕೆಚ್ಚಿನ ಹುಳುಕು ಅವಳಿಗೇ ಕಂಡಿತು. ಮೇಲಿನ ಅಂಗಳದ ನೀರು ಕೆಳಗಿನದಕ್ಕೆ, ಅದರದ್ದು ಇನ್ನೂ ಕೆಳಗಿನದಕ್ಕೆ ಬಿದ್ದು, ಕೊನೆಗೆ ಗುಡ್ಡದ ನೀರಷ್ಟೂ ಬಾಲವಾಡಿಗೆ ನುಗ್ಗುತ್ತದೆ. ಪ್ರತಿ ಅಂಗಳದ ಹಿಂಬದಿಗೆ ಒಂದು ಕಾಲುವೆ ತೋಡಿ ಪಕ್ಕಕ್ಕೆ ಹರಿಸಿದರೆ ಮುಗಿಯಿತು. ಅವಳು ಅದನ್ನು ಸೃಜನ್‌ಗೆ ಹೇಳಲಿಲ್ಲ. ಶಶಿಕಾಂತ ಸರ್ ನೆನಪಾಗಿ ಆ ಚಳಿಯಲ್ಲೂ ಮೈ ಬೆಚ್ಚಗಾಯಿತು.

ಕೊನೆಯ ಜ್ಯೂರಿಗೆ, ಅಂದರೆ ಡಿಸೈನಿನ ಅಂತಿಮ ಪರೀಕ್ಷೆಗೆ, ಬರುವ ಶಶಿಕಾಂತ ಸರ್ ಸೊಲ್ಲಾಪುರದ ಕಡೆಯವರು. ಮುಂಬಯಿಯಲ್ಲಿ ಕಟ್ಟುವವನು ಮೊದಲು ಜುಲೈ ಮಳೆಗೆ ಉತ್ತರ ಹೇಳಬೇಕು ಎಂಬುದು ಅವರ ಹಟ. ಯಾರ ಮಾಡೆಲ್ ಮೇಲಾದರೂ ಸರಿ, ಬಾಟಲಿಯ ನೀರು ಸುರಿದುಬಿಡುವರು. ಇದು ಸೃಜನ್‌ಗೂ ಗೊತ್ತಿತ್ತು. ಆದರೆ ಅವನ ಹೆದರಿಕೆಯೆಲ್ಲ ರಟ್ಟು ನೆನೆದೀತೆಂದು, ಶಾಲೆ ನೆನೆದೀತೆಂದಲ್ಲ. ಕಾಲೇಜಿನಲ್ಲಿ ಯಾರೂ ಒಬ್ಬರೇ ಕೂತು ಮಾಡೆಲ್ ಮಾಡುವುದಿಲ್ಲ. ಗೆಳೆಯರು ಕತ್ತರಿಸಿ ಅಂಟಿಸಿಕೊಡುತ್ತಾರೆ. ಅವನು ನಾಚಿಕೆಯಿಲ್ಲದೆ ಅವಳನ್ನೇ ಕೇಳಿದ. ನಿನ್ನಷ್ಟು ನಾಜೂಕು ಕೈ ಯಾರದ್ದೂ ಇಲ್ಲ, ಮೇಲಿಂದ ವಾರ್ನಿಶ್ ದಪ್ಪಗೆ ಹಚ್ಚು ಎಂದ.

ಹಚ್ಚಿದಳು. ನೀರು ಒಂದು ಹನಿಯೂ ಇಂಗದೆ ನೆಟ್ಟಗೆ ಬಾಲವಾಡಿಗೇ ಇಳಿಯುವಷ್ಟು ನುಣುಪಾಗಿ ಹಚ್ಚಿದಳು. ಆದರೆ ತನ್ನ ಶಾಲೆಯನ್ನು ತಪ್ಪಾಗಿ ಕಟ್ಟಲು ಮಾತ್ರ ಕೈ ಬರಲಿಲ್ಲ. ಮೊದಲು ಕಾಲುವೆಗಳನ್ನೆಲ್ಲ ಕೊರೆದಳು, ಆಮೇಲೆ ಒಂದೊಂದರ ಮೇಲೂ ತೆಳು ರಟ್ಟಿನ ಪಟ್ಟಿ ಅಂಟಿಸಿ ಮುಚ್ಚಿದಳು. ಅವನ ಡ್ರಾಯಿಂಗಿನಲ್ಲಿ ಕಾಲುವೆ ಇರಲಿಲ್ಲ, ಮಾಡೆಲಿನಲ್ಲೂ ಕಾಣಲಿಲ್ಲ.

ಜ್ಯೂರಿಯ ಎದುರು ಸೃಜನ್ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದ. ಸರ್ ತಲೆದೂಗಿದರು. ಬಾಟಲಿ ಎತ್ತಿಕೊಂಡು ತಾವೇ ಎರಡು ಗುಟುಕು ಕುಡಿದು ಕೆಳಗಿಟ್ಟಾಗ, ಹಿಂದಿನ ಸಾಲಿನಲ್ಲಿದ್ದ ಯಕ್ಷಿತಾ ಬೆಳಗಿನ ಹರಕೆಯನ್ನು ಮತ್ತೊಮ್ಮೆ ಹೊತ್ತುಕೊಂಡಳು. ಸರ್ ಮತ್ತೆ ಬಾಟಲಿಗೆ ಕೈ ಹಾಕಿದರು.

"ಹಾಂ, ಈಗ ಜುಲೈ ತೋರ್ಸು."

ನೀರು ಅಂಗಳದಿಂದ ಅಂಗಳಕ್ಕೆ ಜಾರಿ ಬಾಲವಾಡಿಗೆ ನುಗ್ಗಿತು. ಅಲ್ಲಿ ಅವಳು ನಿಲ್ಲಿಸಿದ್ದ ಕಾಗದದ ಮಕ್ಕಳು ಒಬ್ಬೊಬ್ಬರೇ ತೇಲಿದರು. ಯಾರೋ ಕಿಸಕ್ಕೆಂದರು. ಸೃಜನ್‌ನ ಕಿವಿ ಕೆಂಪಾಗುವುದನ್ನು ಯಕ್ಷಿತಾ ಹಬ್ಬದೂಟದಂತೆ ನಿಧಾನವಾಗಿ ಸವಿದಳು. ಅಷ್ಟೇ ಸಾಕಿತ್ತು ಅವಳಿಗೆ. ಅವನೇ ಸುಮ್ಮನಿರಲಿಲ್ಲ. ತನ್ನ ಡಿಸೈನಿನಲ್ಲಿ ತಪ್ಪಿಲ್ಲ, ಮಾಡೆಲ್ ಮಾಡಿದವಳು ಕೆಡಿಸಿದ್ದಾಳೆ ಎಂದು ಅವಳತ್ತ ಬೆರಳು ತೋರಿಸಿದ.

ಎಲ್ಲರೂ ತಿರುಗಿದರು.

"ಹೌದೇನವಾ?" ಎಂದರು ಸರ್. "ಎಲ್ಲಿ ತಪ್ಪಿತು?"

ಯಕ್ಷಿತಾ ಎದ್ದು ಬಂದಳು. ಉಗುರಿನಿಂದ ಒಂದೊಂದೇ ಪಟ್ಟಿ ಕಿತ್ತು ಮೇಜಿನ ಮೇಲಿಟ್ಟಳು. ಸರ್ ಕೈಯಿಂದ ಬಾಟಲಿ ಇಸಿದುಕೊಂಡು ತಾನೇ ಸುರಿದಳು. ನೀರು ಕಾಲುವೆಗಳಿಗೆ ಇಳಿದು ಪಕ್ಕಕ್ಕೆ ಹರಿದು ಹೋಯಿತು. ಬಾಲವಾಡಿಯ ಕಡೆ ಒಂದು ಹನಿಯೂ ಹಾಯಲಿಲ್ಲ.

ಸರ್ ಕನ್ನಡಕ ಏರಿಸಿ ಸೃಜನ್‌ನ ಹಾಳೆಗಳನ್ನು ನೋಡಿದರು. "ಡ್ರಾಯಿಂಗಿನಾಗ ಈ ಕಾಲಿವಿ ಎಲ್ಲಿ ಐತಿ, ತೋರ್ಸಪಾ."

ಸೃಜನ್ ಹುಡುಕಿದಂತೆ ಮಾಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ. "ಯಕ್ಷಿ, ಇಬ್ರೂ ಸೇರಿ ಮಾಡಿದ್ದು ಅಂತ ಹೇಳು ಮಾರಾಯ್ತಿ."

ಅವಳು ಖಾಲಿ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಈ ಶಾಲೆ ನನ್ನದು, ಸರ್."